ಪಕ್ಕದ ಮನೆಯ ವಿಷಲ್

ನಾನು ಮೊದಲ ಸಲ ದೇಶ ಬಿಟ್ಟು ಹೋದದ್ದು ಒಂದು ಗೆರೆಯನ್ನು ತೋರಿಸಿ ಬರಲು. ಗೆರೆ ನನ್ನ ಲ್ಯಾಪ್‌ಟಾಪಿನಲ್ಲಿತ್ತು. ಅದನ್ನು ಬರೆದದ್ದು ಮಂಗಳ ಗ್ರಹವನ್ನು ಸುತ್ತುವ ನೌಕೆಯೊಂದರ ರೇಡಾರು. ಕಪ್ಪು ಹಿನ್ನೆಲೆಯ ಮೇಲೆ ಬೂದು ಬಣ್ಣದ ಒಂದು ತೆಳು ಎಳೆ. ಗೊತ್ತಿಲ್ಲದವರು ನೋಡಿದರೆ ಪರದೆ ಕೊಳೆಯಾಗಿದೆ ಅಂದುಕೊಳ್ಳುತ್ತಾರೆ. ನಮ್ಮಮ್ಮ ಒಮ್ಮೆ ಸೆರಗಿನಿಂದ ಒರೆಸಿಯೂ ಬಿಟ್ಟಿದ್ದಳು.

ಆ ಗೆರೆ ನಿಜವಾಗಿದ್ದರೆ ಮಂಗಳನ ಒಂದು ಬೆಟ್ಟದ ಬುಡದಲ್ಲಿ ಹರಡಿಕೊಂಡಿರುವ ಕಲ್ಲುಮಣ್ಣಿನ ಕೆಳಗೆ ಮಂಜುಗಡ್ಡೆ ಹೂತಿದೆ ಎಂದು ಅರ್ಥ. ಹೆಚ್ಚುಕಡಿಮೆ ಒಂದು ವರ್ಷ ನಾನು ಅದರ ಹಿಂದೆಯೇ ಇದ್ದೆ. ನಾನು ಸಹಾಯಕಿಯಾಗಿರುವ ಸಂಶೋಧನಾ ತಂಡದ ಮುಖ್ಯಸ್ಥೆಯನ್ನು ನಾವೆಲ್ಲ ಮೇಡಂ ಎಂದೇ ಕರೆಯುತ್ತೇವೆ. ಅವರೇ ಅರ್ಜಿ ಹಾಕಿಸಿದರು. ಇಟಲಿಯ ಉತ್ತರದ ತುದಿಯಲ್ಲಿ, ಬೆಟ್ಟಗಳ ನಡುವಿನ ಊರಿನಲ್ಲಿ ಒಂದು ವಾರದ ಶಿಬಿರ. ಹೂತ ಮಂಜುಗಡ್ಡೆಯನ್ನು ಹುಡುಕುವವರು ಬೇರೆ ಬೇರೆ ದೇಶಗಳಿಂದ ಬರುತ್ತಾರೆ. ಕೊನೆಯ ದಿನ ಎಲ್ಲರೂ ತಮ್ಮ ತಮ್ಮ ಕೆಲಸ ತೋರಿಸಬೇಕು.

"ಅಲ್ಲಿ ನಿಂತ್ಕೊಂಡು ಹೇಳು ಅಶ್ವಿನಿ. ಅವ್ರು ಒಪ್ಪಿದ್ರೆ ಆಮೇಲೆ ಬರೆಯೋಣ" ಎಂದರು ಮೇಡಂ.

ಜೊತೆಗೆ ಅಪ್ಪ ಬಂದರು. ಅಪ್ಪ ವಿಮಾನ ಕಾರ್ಖಾನೆಯಲ್ಲಿ ಎಂಜಿನ್ ಪರೀಕ್ಷೆಯ ವಿಭಾಗದಲ್ಲಿದ್ದು ಈ ಮೇ ತಿಂಗಳಲ್ಲಿ ನಿವೃತ್ತರಾದರು. ಆ ಸದ್ದಿನಲ್ಲಿ ಅವರ ಎಡಗಿವಿ ಹೋಗಿ ಬಹಳ ವರ್ಷವಾಯಿತು. ಅಕ್ಕನ ಬಾಣಂತನ ನಡೆಯುತ್ತಿದ್ದುದರಿಂದ ಅಮ್ಮ ಬರುವಂತಿರಲಿಲ್ಲ. "ನೀವಾದ್ರೂ ಹೋಗ್ಬನ್ನಿ. ಇಲ್ಲಿದ್ರೆ ಮಗು ಮಲಗ್ದಾಗೆಲ್ಲ ಟೀವಿ ಜೋರಾಗಿ ಹಾಕ್ತೀರ" ಎಂದು ಅಮ್ಮನೇ ಅಪ್ಪನನ್ನು ಹೊರಡಿಸಿದಳು.

ಏಳನೇ ತರಗತಿಯಿಂದ ನಾನು ದಿನಚರಿ ಬರೆಯುತ್ತಿದ್ದೇನೆ. ತಾರೀಖು ತಪ್ಪಿಸುವುದಿಲ್ಲ. ಕೊನೆಯ ಪುಟದಲ್ಲಿ ಲೆಕ್ಕಗಳಿರುತ್ತವೆ: ನೋಡಿದ ಹೊಸ ಹಕ್ಕಿ, ಕೆಟ್ಟುಹೋದ ಕೊಡೆ, ಇಂಥವು. ಈ ಪ್ರವಾಸದಲ್ಲಿ ಅಪ್ಪನ ಹೆಸರಿಗೇ ಒಂದು ಪುಟ ಬೇಕಾಯಿತು.

ಸೆಪ್ಟೆಂಬರ್ 5, ಶುಕ್ರವಾರ. ಕಗ್ಗದಾಸಪುರ

ಹೊರಡುವ ದಿನ ಬೀದಿಯಲ್ಲಿ ಕಾರು ಹಿಂದಕ್ಕೆ ತೆಗೆಯುವಷ್ಟರಲ್ಲಿ ಗೊತ್ತಾಯಿತು, ಅಪ್ಪ ಎಲ್ಲರಿಗೂ ಹೇಳಿಬಿಟ್ಟಿದ್ದಾರೆ ಎಂದು. ಬೇಕರಿಯವರು ಕೈಬೀಸಿದರು. ಇಸ್ತ್ರಿ ಅಂಗಡಿಯವರು ಪೆಟ್ಟಿಗೆ ಬಿಟ್ಟು ಹೊರಗೆ ಬಂದರು. ಎದುರು ಮನೆಯಲ್ಲಿರುವ ಚಿಕ್ಕಪ್ಪ ಕಾರಿನ ಕಿಟಕಿಗೆ ಬಗ್ಗಿ, "ಏನಮ್ಮ, ಮಂಗಳ ಗ್ರಹದಾಗೆ ನೀರು ಕಂಡ್ಹಿಡಿದ್ಯಂತೆ? ವಾಪಸ್ ಬರ್ತಾ ನಮ್ಮ ಬೀದಿಗೂ ಒಂದು ಪೈಪ್ ಎಳ್ಕೊಂಡ್ಬಾ" ಎಂದರು.

"ಕಂಡುಹಿಡಿದಿಲ್ಲ ಚಿಕ್ಕಪ್ಪ. ಇದೆಯೇನೋ ಅನ್ಸುತ್ತೆ, ಅಷ್ಟೇ."

"ಅನ್ಸುತ್ತೆ ಅಂತ ಯಾರಾದ್ರೂ ಇಟಲಿಗೆ ಕರೀತಾರಾ? ನಿಮ್ಮಪ್ಪ ಎಲ್ಲಾ ಹೇಳಿದಾನೆ ಬಿಡು."

ಅಪ್ಪ ಮುಂದಿನ ಸೀಟಿನಲ್ಲಿ ಕೇಳಿಸದವರಂತೆ ಕೂತಿದ್ದರು. ಚಿಕ್ಕಪ್ಪ ನಿಂತದ್ದು ಅವರ ಎಡಕ್ಕೆ. ಆದರೆ ತುಟಿಯಲ್ಲಿ ನಗು ಇತ್ತು. ಕೆ.ಆರ್. ಪುರಂ ತೂಗುಸೇತುವೆ ದಾಟುವಾಗ ನಾನು ಹಿಂದಿನಿಂದ ಮುಂದಕ್ಕೆ ಬಾಗಿ, ಬಲಗಿವಿಗೆ ಹೇಳಿದೆ: "ಅಪ್ಪ, ಇನ್ನೂ ಖಚಿತ ಆಗಿಲ್ಲ. ಹೀಗೆ ಎಲ್ರಿಗೂ ಹೇಳ್ಬೇಡಿ."

"ಆಗುತ್ತೆ ಬಿಡಮ್ಮ" ಎಂದರು.

ಸೆಪ್ಟೆಂಬರ್ 6, ಶನಿವಾರ. ರೈಲಿನಲ್ಲಿ

ಮಿಲಾನಿನಲ್ಲಿ ಇಳಿದು ರೈಲು ಹಿಡಿಯುವ ಮುಂಚೆ ಕಾಫಿ ಕುಡಿಯಲು ನಿಂತೆವು. ನಿಂತೆವು ಎಂದರೆ ನಿಂತೇ ಇದ್ದೆವು. ಅಲ್ಲಿ ಎಲ್ಲರೂ ಕಟ್ಟೆಗೆ ಒರಗಿ ನಿಂತು, ಎರಡು ಗುಟುಕಿಗೆ ಮುಗಿಸಿ, ನಡೆದುಬಿಡುತ್ತಾರೆ. ಅಪ್ಪನಿಗೆ ತುಂಬ ಹಿಡಿಸಿತು. "ನೋಡು, ಥೇಟ್ ನಮ್ಮ ದರ್ಶಿನಿ. ನಾನೇನೋ ಇವ್ರು ಚಾಕು ಫೋರ್ಕು ಇಟ್ಕೊಂಡು ಕಾಫಿ ಕುಡೀತಾರೆ ಅಂದ್ಕೊಂಡಿದ್ದೆ." ಅದೇ ಹುರುಪಿನಲ್ಲಿ ಒಂದು ಬೆರಳು ತೋರಿಸಿ, ಆಮೇಲೆ ಎರಡು ಬೆರಳಿನಿಂದ ಕತ್ತರಿಸಿದಂತೆ ಮಾಡಿ, "ಬೈ ಟೂ" ಎಂದರು. ಕಾಫಿಯವನು ತಲೆಯಾಡಿಸಿ ಎರಡು ಕಪ್ಪು ಇಟ್ಟ. ಅಪ್ಪ ಒಳಗೆ ಇಣುಕಿ ನೋಡಿದರು. ತಳದಲ್ಲಿ ಕಪ್ಪಗೆ ಒಂದಿಷ್ಟು ಇತ್ತು.

"ಇದನ್ನ ಆಗ್ಲೇ ಬೈ ಫೋರ್ ಮಾಡಿದಾನೆ ಕಣಮ್ಮ."

ರೈಲು ಉತ್ತರಕ್ಕೆ ತಿರುಗಿದ ಮೇಲೆ ದ್ರಾಕ್ಷಿ ತೋಟಗಳು ಮುಗಿದು ಸೇಬಿನ ತೋಟಗಳು ಬಂದವು. ಎರಡೂ ಕಡೆ ಬೆಟ್ಟಗಳು ಹತ್ತಿರವಾದವು. ಅಪ್ಪ ನನ್ನ ಎಡಕ್ಕೆ ಕೂತಿದ್ದರು. ನಮ್ಮ ಮನೆಯಲ್ಲಿ ಅವರೊಂದಿಗೆ ಮಾತಾಡಬೇಕಿದ್ದರೆ ಎಲ್ಲರೂ ಅವರ ಬಲಕ್ಕೇ ಕೂರುವುದು. ಬಹಳ ಹೊತ್ತು ಬೆಟ್ಟ ನೋಡಿ ಆಮೇಲೆ ಕೇಳಿದರು: "ಅಲ್ಲ ಪುಟ್ಟಾ, ಅಷ್ಟು ಮೇಲಿಂದ ನೋಡಿದ್ರೆ ನೆಲದೊಳಗಿರೋದು ಹೆಂಗೆ ಗೊತ್ತಾಗುತ್ತೆ? ಎಲ್ರಿಗೂ ಹೇಳ್ದೆ, ನಂಗೇ ಸರಿಯಾಗಿ ಗೊತ್ತಿಲ್ಲ."

ಹೇಳಿದೆ. ನೌಕೆ ಕೆಳಕ್ಕೆ ರೇಡಿಯೊ ಅಲೆಯೊಂದನ್ನು ಬಿಡುತ್ತದೆ. ಅದರಲ್ಲಿ ಒಂದು ಪಾಲು ನೆಲಕ್ಕೆ ಬಡಿದು ಹಿಂದಿರುಗುತ್ತದೆ. ಇನ್ನೊಂದು ಪಾಲು ನೆಲದೊಳಗೆ ಇಳಿಯುತ್ತದೆ. ಕೆಳಗೆ ಮಂಜುಗಡ್ಡೆ ಇದ್ದರೆ ಅದರೊಳಗೆ ಸಲೀಸಾಗಿ ಹಾದುಹೋಗಿ, ತಳದ ಬಂಡೆಗೆ ತಾಗಿ, ಸ್ವಲ್ಪ ತಡವಾಗಿ ವಾಪಸ್ಸು ಬರುತ್ತದೆ. ತಡವಾಗಿ ಬಂದ ಆ ದನಿಯೇ ನನ್ನ ಗೆರೆ. ಎಷ್ಟು ತಡ ಎಂದು ನೋಡಿದರೆ ಎಷ್ಟು ಆಳ ಎಂದು ತಿಳಿಯುತ್ತದೆ.

"ಆದ್ರೆ ಒಂದು ತೊಂದ್ರೆ ಇದೆ ಅಪ್ಪ. ಪಕ್ಕದಲ್ಲಿ ಸ್ವಲ್ಪ ದೂರಕ್ಕೆ ಒಂದು ದಿಬ್ಬ ಇದ್ರೆ, ಅದಕ್ಕೆ ತಾಗಿದ ಅಲೆಯೂ ತಡವಾಗೇ ಬರುತ್ತೆ. ರೇಡಾರಿಗೆ ಎಡ ಬಲ ಗೊತ್ತಾಗಲ್ಲ. ಬಂದಿದ್ದೆಲ್ಲ ಕೆಳಗಿಂದಾನೇ ಬಂತು ಅಂತ ಬರ್ಕೊಂಡ್ಬಿಡುತ್ತೆ."

"ಅಂದ್ರೆ ಅದಕ್ಕೂ ಒಂದೇ ಕಿವಿ."

"ಹೂಂ. ಸರೋಜಮ್ಮನ ವಿಷಲ್ ಥರ."

ಅಪ್ಪ ಜೋರಾಗಿ ನಕ್ಕರು. ಎದುರಿನ ಸೀಟಿನ ಹೆಂಗಸು ಪುಸ್ತಕದಿಂದ ತಲೆಯೆತ್ತಿದರು. ಸರೋಜಮ್ಮನ ವಿಷಲ್ ಏನೆಂದು ಓದುಗರಿಗೆ ಹೇಳಬೇಕು. ನಮ್ಮ ಬೀದಿಯಲ್ಲಿ ಮನೆಗಳು ಎಷ್ಟು ಒತ್ತೊತ್ತಾಗಿವೆ ಎಂದರೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಕೈಚಾಚಿದರೆ ಸರೋಜಮ್ಮನವರ ಕಿಟಕಿಯ ಸರಳು ಸಿಗುತ್ತದೆ. ಅಮ್ಮ ಕುಕ್ಕರ್ ಇಟ್ಟು, "ಮೂರು ವಿಷಲ್ ಆದ್ಮೇಲೆ ಆರ್ಸಿ" ಎಂದು ಅಪ್ಪನಿಗೆ ಹೇಳಿ ಮಹಡಿಗೆ ಬಟ್ಟೆ ಹರವಲು ಹೋಗುತ್ತಾಳೆ. ಅಪ್ಪ ಪೇಪರ್ ಓದುತ್ತ ಎಣಿಸುತ್ತಾರೆ. ನಮ್ಮದು ಒಂದು, ಸರೋಜಮ್ಮನದು ಎರಡು, ಒಟ್ಟು ಮೂರು. ಒಲೆ ಆರಿಸುತ್ತಾರೆ. ಬೇಳೆ ಬೆಂದಿರುವುದಿಲ್ಲ. ಸಾರಿನಲ್ಲಿ ಬೇಳೆ ಕಟಕಟ ಎಂದ ದಿನ ನಮ್ಮ ಮನೆಯಲ್ಲಿ ಯಾರೂ ಬೈಯುವುದಿಲ್ಲ. "ಇವತ್ತು ಸರೋಜಮ್ಮನ ವಿಷಲ್" ಎಂದು ಹೇಳಿ ಮೊಸರು ಕಲಸಿಕೊಳ್ಳುತ್ತೇವೆ.

"ನೀನು ಸರೋಜಮ್ಮಂದು ಎಣಿಸಿಲ್ಲ ತಾನೆ?" ಎಂದರು ಅಪ್ಪ, ಕಣ್ಣು ಒರೆಸಿಕೊಳ್ಳುತ್ತ.

"ಇಲ್ಲ ಅಪ್ಪ. ನೋಡಿದ್ದೀನಿ."

ನೋಡಿದ್ದೆ. ಸುತ್ತಲಿನ ಬೆಟ್ಟಗಳ ನಕ್ಷೆಯಿಟ್ಟುಕೊಂಡು, ಯಾವ ಬೆಟ್ಟದ ದನಿ ಎಷ್ಟು ತಡವಾಗಿ ಬರಬೇಕು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿಸಿದ್ದೆ. ನನ್ನ ಗೆರೆಗೆ ಯಾವುದೂ ಹೊಂದಿರಲಿಲ್ಲ. ನೌಕೆ ಆ ಜಾಗದ ಮೇಲೆ ಇನ್ನೊಂದು ಸಲವೂ, ಸ್ವಲ್ಪ ಪಕ್ಕಕ್ಕೆ ಸರಿದು, ಹಾದುಹೋಗಿತ್ತು. ಆದರೆ ನನ್ನ ಗೆರೆ ರಾತ್ರಿಯದು, ಇದು ಹಗಲಿನದು. ಹಗಲಿನಲ್ಲಿ ಸೂರ್ಯನ ಬೆಳಕಿಗೆ ಮಂಗಳನ ಮೇಲ್ಪದರದ ಗಾಳಿ ವಿದ್ಯುತ್ ತುಂಬಿಕೊಂಡು ಅಲೆಯನ್ನು ಕಲಕಿಬಿಡುತ್ತದೆ, ಚಿತ್ರವೆಲ್ಲ ಮಬ್ಬು. ಅದನ್ನು ಶುದ್ಧಮಾಡುವುದು ದೊಡ್ಡ ಕೆಲಸ. ಆಮೇಲೆ ನೋಡೋಣ ಎಂದು ಮೇಡಂ ಮತ್ತು ನಾನು ಪಕ್ಕಕ್ಕಿಟ್ಟಿದ್ದೆವು.

ಸೆಪ್ಟೆಂಬರ್ 7ರಿಂದ 9. ಮೇಲಿನೂರು

ಊರಿಗೆ ಎರಡು ಹೆಸರು. ಇಟಾಲಿಯನ್ ಮಾತಾಡುವವರಿಗೆ ಒಂದು, ಜರ್ಮನ್ ಮಾತಾಡುವವರಿಗೆ ಇನ್ನೊಂದು. ಬಸ್ ನಿಲ್ದಾಣದಿಂದ ಔಷಧಿ ಅಂಗಡಿಯವರೆಗೆ ಎಲ್ಲ ಬೋರ್ಡಿನ ಮೇಲೂ ಎರಡೂ ಇರುತ್ತವೆ. ಅಪ್ಪನಿಗೆ ಎರಡೂ ಬಾಯಿಗೆ ಹತ್ತಲಿಲ್ಲ. ಮೇಲಿನೂರು ಎಂದು ಕರೆದರು, ಮನೆಗೆ ಫೋನು ಮಾಡಿದಾಗಲೂ ಅದೇ ಹೇಳಿದರು. ಅಮ್ಮ ಈಗಲೂ ನಾವು ಮೇಲಿನೂರು ಎಂಬ ಊರಿಗೆ ಹೋಗಿದ್ದೆವು ಎಂದೇ ತಿಳಿದಿದ್ದಾಳೆ.

ಬ್ರೆಡ್ ಅಂಗಡಿಯ ಹುಡುಗಿ ಒಳಗೆ ಬಂದವರ ಮುಖವನ್ನು ಒಂದು ಗಳಿಗೆ ನೋಡಿ ಭಾಷೆ ಆರಿಸುತ್ತಾಳೆ. ತಪ್ಪಿದರೆ ನಕ್ಕು ಬದಲಾಯಿಸುತ್ತಾಳೆ. ಅಪ್ಪ ಇದನ್ನು ನೋಡುತ್ತ ನಿಂತುಬಿಟ್ಟರು. "ಶಿವಾಜಿನಗರ ಬಸ್ ಸ್ಟ್ಯಾಂಡ್ ಹತ್ರ ಹಣ್ಣಿನವ್ರು ಇದನ್ನೇ ಮಾಡ್ತಾರೆ. ನನ್ನ ನೋಡಿದ್ರೆ ಒಬ್ಬ ತಮಿಳಲ್ಲಿ ಶುರು ಮಾಡ್ತಾನೆ, ಒಬ್ಬ ಉರ್ದುವಲ್ಲಿ. ಕನ್ನಡ ಅಂತ ಒಬ್ಬನ್ಗೂ ಹೊಳೆಯಲ್ಲ." ಹುಡುಗಿ ಅಪ್ಪನ ಮುಖವನ್ನೂ ನೋಡಿದಳು. ಬಹಳ ಹೊತ್ತು ನೋಡಿದಳು. ಕೊನೆಗೆ ಯಾವ ಭಾಷೆಯೂ ಇಲ್ಲದೆ ಬ್ರೆಡ್ಡನ್ನು ಎತ್ತಿ ತೋರಿಸಿದಳು.

ದಾರಿಯಲ್ಲಿ ಎದುರಾದವರೆಲ್ಲ ನಮಸ್ಕಾರ ಹೇಳುತ್ತಾರೆ. ಪರಿಚಯ ಬೇಕಿಲ್ಲ. ನಮ್ಮ ಬೀದಿಯಲ್ಲಿ ಗೊತ್ತಿಲ್ಲದವರು ನಮಸ್ಕಾರ ಎಂದರೆ "ಯಾರ ಮನೆ ಬೇಕಿತ್ತು?" ಎಂದು ಕೇಳುತ್ತೇವೆ. ಅಪ್ಪ ಮೊದಲ ದಿನ ಹಾಗೆಯೇ ಗಾಬರಿಯಾಗಿ ನನ್ನ ಮುಖ ನೋಡಿದರು. ಎರಡನೆಯ ದಿನ ತಾವೇ ಮುಂದಾಗಿ ಕೈಮುಗಿಯತೊಡಗಿದರು. ಎಡಗಡೆಯಿಂದ ಯಾರಾದರೂ ಹೇಳಿದರೆ ಬಲಕ್ಕೆ ತಿರುಗಿ ಸೇಬಿನ ಗಿಡಕ್ಕೆ ಕೈಮುಗಿಯುತ್ತಿದ್ದರು. ಲೆಕ್ಕದ ಪುಟದಲ್ಲಿದೆ: ಮಂಗಳವಾರ ಸಂಜೆಯವರೆಗೆ ಮನುಷ್ಯರಿಗೆ ಇಪ್ಪತ್ತಾರು, ಗಿಡಮರಗಳಿಗೆ ನಾಲ್ಕು.

ನಾವು ಉಳಿದುಕೊಂಡದ್ದು ಮಾರ್ತಾ ಎಂಬ ವಯಸ್ಸಾದ ಹೆಂಗಸಿನ ಮನೆಯಲ್ಲಿ. ಮನೆಯ ಎದುರೇ ಚರ್ಚು. ಅದರ ಗಂಟೆ ಕಾಲು ಗಂಟೆಗೊಮ್ಮೆ ಹೊಡೆಯುತ್ತದೆ. ಬೆಳಿಗ್ಗೆ ಮಾರ್ತಾ ಕೆನ್ನೆಯ ಕೆಳಗೆ ಕೈಯಿಟ್ಟು, ನಿದ್ದೆ ಬಂತೇ ಎಂದು ಸನ್ನೆಯಲ್ಲಿ ಕೇಳಿದರು. ನನ್ನ ಕಣ್ಣು ಕೆಂಪಾಗಿತ್ತು. ಅಪ್ಪ ಮಾತ್ರ ಆರಾಮಾಗಿದ್ದರು. ಒಳ್ಳೆಯ ಕಿವಿಯನ್ನು ದಿಂಬಿಗೆ ಒತ್ತಿ ಮಲಗಿದರೆ ಅವರಿಗೆ ಲೋಕವೇ ಬಂದ್.

ಮಾರ್ತಾಗೂ ಅಪ್ಪ ಸುದ್ದಿ ಹೇಳದೆ ಬಿಡಲಿಲ್ಲ. ನಾನು ತರಗತಿಗೆ ಹೋಗಿದ್ದಾಗ ಆಕಾಶ ತೋರಿಸಿ, ನೀರಿನ ಲೋಟ ತೋರಿಸಿ, ಮೂಲೆಯಲ್ಲಿದ್ದ ನನ್ನ ಚೀಲ ತೋರಿಸಿದ್ದಾರೆ. ಮಾರ್ತಾ ಅರ್ಥವಾಯಿತೆಂದು ತಲೆಯಾಡಿಸಿದ್ದಾರೆ. ಸಂಜೆ ನಾನು ಬಂದಾಗ ನನ್ನ ಚೀಲದ ಪಕ್ಕ ಒಂದು ದೊಡ್ಡ ಕೊಡೆ ಇಟ್ಟಿದ್ದರು.

ಸೆಪ್ಟೆಂಬರ್ 10, ಬುಧವಾರ. ಕಲ್ಲಿನ ಕೆಳಗೆ

ಶಿಬಿರವನ್ನು ಈ ಊರಿನಲ್ಲಿ ಇಟ್ಟುಕೊಳ್ಳಲು ಕಾರಣವಿದೆ. ಮೇಲಿನ ಕಣಿವೆಯೊಂದರಲ್ಲಿ ಬೆಟ್ಟದಿಂದ ಉರುಳಿದ ಕಲ್ಲುಗಳ ಒಂದು ದೊಡ್ಡ ರಾಶಿ ನಾಲಗೆಯ ಹಾಗೆ ಕೆಳಕ್ಕೆ ಚಾಚಿಕೊಂಡಿದೆ. ನೋಡಲು ಬರೀ ಕಲ್ಲು. ಒಳಗೆ ಮಂಜುಗಡ್ಡೆ. ಮಂಗಳನಲ್ಲಿ ನಾವು ಹುಡುಕುವಂಥದ್ದೇ, ಆದರೆ ಇಲ್ಲಿ ಕೈಗೆ ಸಿಗುತ್ತದೆ. ಮೇಷ್ಟ್ರು ಲೂಕಾ ನಮ್ಮನ್ನು ಕರೆದೊಯ್ದರು. ಮನೆಯವರೂ ಬರಬಹುದು ಎಂದಿದ್ದರಿಂದ ಅಪ್ಪ ಟೋಪಿ, ಮಫ್ಲರು, ಮಾರ್ತಾರ ಕೊಡೆ ಎಲ್ಲ ತೆಗೆದುಕೊಂಡು ಬಂದರು.

ರೋಪ್‌ವೇಯಲ್ಲಿ ಮೇಲೆ ಹೋಗಿ ಆಮೇಲೆ ನಡೆದೆವು. ಕಲ್ಲುರಾಶಿಯ ಮೇಲೆ ರೇಡಾರಿನ ಪುಟ್ಟ ಪೆಟ್ಟಿಗೆಯನ್ನು ಎಳೆಯುವುದು ಹೇಗೆಂದು ಲೂಕಾ ಕಲಿಸಿದರು. ಪೆಟ್ಟಿಗೆ ಕಲ್ಲಿಂದ ಕಲ್ಲಿಗೆ ಸಿಕ್ಕಿಕೊಳ್ಳುತ್ತಿತ್ತು. ಪರದೆಯಲ್ಲಿ ಗೆರೆ ಮೂಡಿದಾಗ ನನಗೆ ಪರಿಚಿತರನ್ನು ಕಂಡಂತಾಯಿತು. ಆಮೇಲೆ ರಾಶಿಯ ಬುಡಕ್ಕೆ ಇಳಿದೆವು. ಅಲ್ಲಿ ಕಲ್ಲುಗಳ ಸಂದಿಯಿಂದ ನೀರು ಬರುತ್ತಿತ್ತು. ಲೂಕಾ ಸನ್ನೆ ಮಾಡಿದರು, ಅಪ್ಪ ಕೈಯಿಟ್ಟು ತಟ್ಟನೆ ಹಿಂದಕ್ಕೆ ಎಳೆದುಕೊಂಡರು.

"ಏನಮ್ಮ ಇದು, ಫ್ರೀಜರಿನಿಂದ ಸೋರಿದ ಹಾಗಿದೆ!"

"ಒಳಗಿರೋ ಗಡ್ಡೆ ಕರಗಿ ಬರ್ತಿದೆ ಅಪ್ಪ."

"ಇಲ್ಲಿ ಕೈಯಿಟ್ಟು ನೋಡಬಹುದು" ಎಂದರು ಲೂಕಾ ಇಂಗ್ಲಿಷಿನಲ್ಲಿ, ನಮ್ಮೆಲ್ಲರಿಗೂ. "ಅಲ್ಲಿ ನಿಮಗಿರುವುದು ಗೆರೆ ಮಾತ್ರ."

ಊಟದ ಹೊತ್ತಿಗೆ ಕೆಳಗಿನ ಹುಲ್ಲುಗಾವಲಿನಿಂದ ಹಸುಗಳ ಗಂಟೆ ಕೇಳಿಸಿತು. ಒಂದೊಂದು ಹಸುವಿನ ಕೊರಳಿಗೂ ಚೊಂಬಿನಷ್ಟು ದೊಡ್ಡ ಗಂಟೆ. ಅಮ್ಮನಿಗೆ ಕಳಿಸುತ್ತೇನೆ ಎಂದು ಅಪ್ಪ ಫೋನು ಹಿಡಿದು ಆ ಕಡೆ ಹೋದರು. ಅವರು ಹೋದ ಮೇಲೆ ಮಂಜು ಬಂತು. ನಮ್ಮಲ್ಲಿ ಡಿಸೆಂಬರಿನ ಬೆಳಗಿನಲ್ಲಿ ಬರುವ ಮಂಜು ಅಲ್ಲ. ಕಣಿವೆಯಿಂದ ಎದ್ದು, ಬಾಗಿಲು ಹಾಕಿದ ಹಾಗೆ ಮುಚ್ಚಿಬಿಟ್ಟಿತು. ನನ್ನ ಕೈಯಲ್ಲಿದ್ದ ರೊಟ್ಟಿ ಕಾಣುತ್ತಿತ್ತು, ಪಕ್ಕದಲ್ಲಿದ್ದ ಲೂಕಾ ಕಾಣುತ್ತಿರಲಿಲ್ಲ.

"ಅಪ್ಪಾ" ಎಂದು ಕೂಗಿದೆ. ಎದುರಿನ ಬಂಡೆ "ಅಪ್ಪಾ" ಎಂದಿತು.

"ಬಂದೆ" ಎಂದರು ಅಪ್ಪ ಎಲ್ಲಿಂದಲೋ. ಆದರೆ ಮುಂದಿನ "ಬಂದೆ" ಇನ್ನೂ ದೂರದಿಂದ ಕೇಳಿಸಿತು. ಅವರಿಗೆ ದನಿ ಯಾವ ದಿಕ್ಕಿನಿಂದ ಬಂದರೂ ಬಲಗಡೆಯಿಂದಲೇ ಬಂದ ಹಾಗೆ. ಅವರ ಬಲಕ್ಕೆ ಏನಿದೆಯೋ ನನಗೆ ಗೊತ್ತಿರಲಿಲ್ಲ. ಬರುವಾಗ ಆ ಕಡೆ ಎಲ್ಲೋ ಇಳಿಜಾರು ನೋಡಿದ ನೆನಪು. ನಾನು ಓಡಲು ಹೊರಟೆ. ಲೂಕಾ ನನ್ನ ತೋಳು ಹಿಡಿದು ನಿಲ್ಲಿಸಿದರು. ಇಬ್ಬರೂ ಓಡಾಡಿದರೆ ಇಬ್ಬರೂ ಕಳೆದುಹೋಗುತ್ತೀರಿ, ನೀನು ಇಲ್ಲೇ ನಿಂತು ಕೂಗುತ್ತಿರು ಎಂದರು.

"ಅಪ್ಪಾ, ನಿಂತ್ಕೊಳಿ! ಅಲ್ಲೇ ನಿಂತ್ಕೊಳಿ!"

ಸದ್ದಿಲ್ಲ. ಮತ್ತೆ ಕೂಗಿದೆ. ಬಂಡೆ ಮಾತ್ರ ಉತ್ತರ ಕೊಟ್ಟಿತು. ಈ ಮನುಷ್ಯನನ್ನು ಇಲ್ಲಿಗೆ ಕರೆತಂದದ್ದು ನಾನು, ನನ್ನ ಗೆರೆಗೋಸ್ಕರ, ಅಂದುಕೊಂಡೆ. ಕೂಗುತ್ತಲೇ ಇದ್ದೆ.

ಮಂಜು ಒಂದು ಕಡೆ ತೆಳುವಾದಾಗ ಕೆಳಗೆ ಅಪ್ಪ ಕಂಡರು. ಅವರು ಕಂಡ ರೀತಿ ಈಗಲೂ ಕಣ್ಣಮುಂದಿದೆ. ಮಡಚಿದ ಕೊಡೆಯನ್ನು ಊರಿಕೊಂಡು ನಿಂತಲ್ಲೇ ನಿಧಾನವಾಗಿ ಸುತ್ತುತ್ತಿದ್ದರು. ನಾನು ಕೂಗಿದಾಗ ನಿಲ್ಲುತ್ತಿದ್ದರು. ಒಂದಷ್ಟು ಹೆಜ್ಜೆ ಒಂದು ಕಡೆ ಇಟ್ಟು, ಮುಂದಿನ ಕೂಗಿಗೆ ಕಾದು, ತಲೆಯಾಡಿಸಿ, ಇನ್ನೊಂದು ಕಡೆ ಇಡುತ್ತಿದ್ದರು. ಹಾಗೆ ಕೇಳಿ ಕೇಳಿ ಹತ್ತಿರ ಬಂದರು.

ನಾನು ತಬ್ಬಿಕೊಂಡೆ. "ಎಲ್ಲಿಗೆ ಹೋದ್ರಿ? ಉತ್ತರ ಯಾಕೆ ಕೊಡ್ಲಿಲ್ಲ?"

"ಉತ್ತರ ಕೊಟ್ರೆ ನಿನ್ನ ಕೂಗು ಕೇಳಿಸ್ತಿರ್ಲಿಲ್ಲ. ಒಂದೇ ಕಡೆ ನಿಂತ್ರೆ ನಂಗೆ ಎಲ್ಲಾ ಬಲಗಡೆನೇ ಕಣಮ್ಮ. ಆ ಕಡೆ ಹೋಗಿ ಕೇಳ್ದೆ, ಸಣ್ಣಗಾಯ್ತು. ಈ ಕಡೆ ಬಂದೆ, ದೊಡ್ಡದಾಯ್ತು. ಕತ್ತು ಹಿಡ್ಕೊಂಡ್ಬಿಡ್ತು ನೋಡು." ಆಮೇಲೆ ಫೋನು ಎತ್ತಿ ಹಿಡಿದರು. "ಗಂಟೆ ಚೆನ್ನಾಗಿ ರೆಕಾರ್ಡ್ ಆಗಿದೆ. ಮಧ್ಯೆ ನೀನು ಅರಚಿದ್ದೂ ಇದೆ."

ಇಳಿಯುವಾಗ ದಾರಿಯುದ್ದಕ್ಕೂ ಅವರ ಬಲಗೈ ಹಿಡಿದುಕೊಂಡೇ ಇದ್ದೆ. ರೋಪ್‌ವೇಯಲ್ಲಿ ಕೂತ ಮೇಲೆಯೇ ಕೈ ಬಿಟ್ಟೆ. ಆಗ ಪಕ್ಕಕ್ಕಿಟ್ಟ ಆ ಹಗಲಿನ ಚಿತ್ರ ನೆನಪಾಯಿತು. ಅದೂ ಅದೇ ತಾನೆ: ಸ್ವಲ್ಪ ಪಕ್ಕಕ್ಕೆ ಸರಿದು ಇನ್ನೊಮ್ಮೆ ಕೇಳಿದ್ದು. ಲೂಕಾರನ್ನು ಕೇಳಿದೆ. ಮಬ್ಬು ತೆಗೆಯುವ ಹೊಸ ಪ್ರೋಗ್ರಾಂ ತಮ್ಮ ಬಳಿ ಇದೆ, ನಾಳೆ ಬೆಳಿಗ್ಗೆ ಬಾ ಎಂದರು.

ಸೆಪ್ಟೆಂಬರ್ 11, ಗುರುವಾರ. ಚರ್ಚಿನ ಮುಂದಿನ ಬೆಂಚು

ಮಧ್ಯಾಹ್ನದ ಹೊತ್ತಿಗೆ ಚಿತ್ರ ತಿಳಿಯಾಯಿತು. ಗೆರೆ ಅಲ್ಲೂ ಇತ್ತು. ಒಂದು ಗಳಿಗೆ ತುಂಬ ಖುಷಿಯಾಯಿತು. ಆಮೇಲೆ ಎರಡು ಚಿತ್ರಗಳನ್ನು ಅಕ್ಕಪಕ್ಕ ಇಟ್ಟೆ.

ಮಂಜುಗಡ್ಡೆಯ ತಳವಾಗಿದ್ದರೆ ಗೆರೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಳದಲ್ಲಿರಬೇಕು. ಇಲ್ಲಿ ಹಗಲಿನ ಚಿತ್ರದಲ್ಲಿ ಅದು ಮೇಲಕ್ಕೆ ಬಂದಿತ್ತು. ಆ ಸಲ ನೌಕೆ ಪೂರ್ವಕ್ಕೆ ಸರಿದು ಹಾದಿತ್ತು. ಪೂರ್ವದಲ್ಲಿ ಒಂದು ದಿಬ್ಬವಿದೆ. ನಾನು ಬಳಸಿದ್ದ ನಕ್ಷೆಯಲ್ಲಿ ಅದು ಮೊಂಡಾಗಿ, ಲೆಕ್ಕಕ್ಕೆ ಬಾರದಂತೆ ಕಂಡಿತ್ತು. ಲೂಕಾ ಅದೇ ಜಾಗದ ಹತ್ತಿರದ ಫೋಟೊ ತೆಗೆದು ತೋರಿಸಿದರು. ದಿಬ್ಬದ ಒಂದು ಮಗ್ಗುಲು ಗೋಡೆಯ ಹಾಗೆ ನೆಟ್ಟಗೆ ನಿಂತಿತ್ತು. ನೌಕೆ ಅದರ ಹತ್ತಿರಕ್ಕೆ ಹೋದಾಗ ದನಿ ಬೇಗ ಬಂದಿದೆ, ದೂರವಿದ್ದಾಗ ತಡವಾಗಿದೆ. ಅಷ್ಟೇ. ಕೆಳಗಿಂದ ಏನೂ ಬಂದಿರಲಿಲ್ಲ.

ಬೆಂಗಳೂರಿಗೆ ಫೋನು ಮಾಡಿದೆ. ಮೇಡಂ ಪೂರ್ತಿ ಕೇಳಿ, "ಎರಡನ್ನೂ ತೋರ್ಸು" ಎಂದರು. ಆಮೇಲೆ, "ಊಟ ಮಾಡಿದ್ಯಾ?" ಎಂದರು.

ಅಪ್ಪ ಚರ್ಚಿನ ಮುಂದಿನ ಬೆಂಚಿನಲ್ಲಿ ಬಿಸಿಲಿಗೆ ಕೂತಿದ್ದರು. ಹೋಗಿ ಬಲಕ್ಕೆ ಕೂತೆ. ಹೇಗೆ ಶುರುಮಾಡುವುದು ಎಂದು ಇಡೀ ದಾರಿ ಯೋಚಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಒಂದೇ ಮಾತು.

"ಅಪ್ಪ, ಸರೋಜಮ್ಮನ ವಿಷಲ್ಲು."

ಅವರಿಗೆ ತಕ್ಷಣ ತಿಳಿಯಿತು. ನನ್ನ ಕಡೆ ತಿರುಗಲಿಲ್ಲ. "ಒಂದೂ ನಮ್ದಲ್ವಾ?" ಎಂದರು.

"ಒಂದೂ ಅಲ್ಲ."

ಗಂಟೆ ಹೊಡೆಯಿತು. ಮುಗಿದ ಮೇಲೆ ಅಪ್ಪ ನನ್ನ ಕಡೆ ಬಗ್ಗಿದರು.

"ಆ ಎರಡನೇದು ನೀನೇ ತಾನೆ ನೋಡಿದ್ದು? ಬೇರೆ ಯಾರೂ ಕೇಳಿರ್ಲಿಲ್ವಲ್ಲ. ನಾಳೆ ಮೊದಲ್ನೇದು ಮಾತ್ರ ತೋರ್ಸಿ, ಇದನ್ನ ಊರಿಗೆ ಹೋದ್ಮೇಲೆ..." ಎಂದವರು ಅಲ್ಲೇ ನಿಲ್ಲಿಸಿ ತೊಡೆ ತಟ್ಟಿಕೊಂಡರು. "ಬೇಡ ಬೇಡ. ನಾನ್ಯಾಕೆ ಹಂಗಂದೆ. ಬೇಡ."

"ಇಲ್ಲ ಅಪ್ಪ. ಎರಡನ್ನೂ ತೋರಿಸ್ತೀನಿ."

"ಬೈತಾರಾ?"

"ಬೈಯಲ್ಲ. ನಂಗೇ ಒಂಥರಾ ಆಗ್ತಿದೆ."

"ನಾನು ಊರೆಲ್ಲಾ ಹೇಳ್ಕೊಂಡು ಬಂದೆ ನೋಡು. ಅದಕ್ಕೇ ನಿಂಗೆ ಇನ್ನೂ ಕಷ್ಟ." ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನಾನು ಅಲ್ಲ ಎನ್ನಬೇಕಿತ್ತು. ಅತ್ತುಬಿಟ್ಟೆ. ಅಪ್ಪ ಮಫ್ಲರಿನ ತುದಿ ನನ್ನ ಕಡೆ ನೀಡಿದರು. ಚರ್ಚಿನಿಂದ ಹೊರಬಂದ ಮುದುಕರೊಬ್ಬರು ನಮ್ಮನ್ನು ನೋಡಿ ಮೆತ್ತಗೆ ನಮಸ್ಕಾರ ಹೇಳಿ ಹೋದರು. ಅಪ್ಪ ಈ ಸಲ ಸರಿಯಾದ ಕಡೆಗೇ ಕೈಮುಗಿದರು.

ಸೆಪ್ಟೆಂಬರ್ 12, ಶುಕ್ರವಾರ. ಸಭೆ

ಶಾಲೆಯ ಕೋಣೆಯಂಥ ಒಂದು ಕೋಣೆ. ಅಪ್ಪ ಕೋಟು ಹಾಕಿಕೊಂಡು ಹಿಂದೆ, ಎಡಗೋಡೆಗೆ ಒತ್ತಿ ಕೂತಿದ್ದರು. ಅಲ್ಲಿಂದ ಅವರ ಬಲಗಿವಿ ನನ್ನ ಕಡೆಗೆ.

ಮೊದಲು ರಾತ್ರಿಯ ಚಿತ್ರ ತೋರಿಸಿದೆ. ಗೆರೆಯನ್ನು ನೋಡಿ ಮುಂದಿನ ಸಾಲಿನವರು ಬಗ್ಗಿದರು. ಯಾರೋ ಮೆಚ್ಚುಗೆಯ ಸದ್ದು ಮಾಡಿದರು. ಅಲ್ಲೇ ನಿಂತುಬಿಟ್ಟರೆ ಹೇಗಿರುತ್ತದೆ ಎಂದು ನನಗೆ ಆಗ ಚೆನ್ನಾಗಿ ಗೊತ್ತಾಯಿತು. ಮುಂದಿನ ಚಿತ್ರಕ್ಕೆ ಹೋದೆ. ಗೆರೆ ಮೇಲಕ್ಕೆ ಎದ್ದಿತು. ದಿಬ್ಬ ತೋರಿಸಿದೆ. "ಇದು ಮಂಜುಗಡ್ಡೆಯಲ್ಲ. ಇದು ಪಕ್ಕದ ಬೆಟ್ಟ" ಎಂದೆ.

ಗಾಬರಿಯಾದರೆ ನನಗೆ ಮಾತು ಹೆಚ್ಚು. ಸರೋಜಮ್ಮನ ವಿಷಲ್ ಕತೆಯನ್ನು ಇಂಗ್ಲಿಷಿನಲ್ಲಿ ಹೇಳಿದೆ. ಯುರೋಪಿನವರಿಗೆ ಪಾತ್ರೆ ಯಾಕೆ ಕೂಗುತ್ತದೆ ಎಂದೇ ತಿಳಿಯಲಿಲ್ಲ. ಬ್ರೆಜಿಲಿನಿಂದ ಬಂದಿದ್ದ ಹುಡುಗಿಯೊಬ್ಬಳು ಮಾತ್ರ ಬಿದ್ದು ಬಿದ್ದು ನಕ್ಕಳು. ಅವರ ಮನೆಯಲ್ಲೂ ದಿನಾ ಕುಕ್ಕರಿನಲ್ಲಿ ಕಾಳು ಬೇಯಿಸುತ್ತಾರಂತೆ. ಅವಳೇ ಎದ್ದು ಉಳಿದವರಿಗೆ ಕೈಯಲ್ಲಿ ಆಕಾರ ಮಾಡಿ ವಿವರಿಸಿದಳು. ಆಮೇಲೆ ಎಲ್ಲರೂ ನಕ್ಕರು. ಹಿಂದೆ ಅಪ್ಪನೂ ನಕ್ಕರು. ಇಂಗ್ಲಿಷ್ ಅಷ್ಟು ಬೇಗ ಅವರಿಗೆ ಹಿಡಿಯುವುದಿಲ್ಲ, ಆದರೆ ಸರೋಜಮ್ಮ ಎಂಬ ಹೆಸರು ಕೇಳಿಸಿತ್ತು.

ಲೂಕಾ ಒಂದು ಪ್ರಶ್ನೆ ಕೇಳಿದರು: ಈ ಎರಡು ಚಿತ್ರಗಳನ್ನು ಮುಂದಿನ ವರ್ಷ ಬರುವವರಿಗೆ ಪಾಠಕ್ಕೆ ಬಳಸಬಹುದೇ? ಆಗಬಹುದು ಎಂದೆ. ನೀರು ತೋರಿಸದಿದ್ದರೂ ಗೆರೆಗೆ ಒಂದು ಕೆಲಸ ಸಿಕ್ಕಿತು.

ಹೊರಗೆ ಬರುವಷ್ಟರಲ್ಲಿ ಚಿಕ್ಕಪ್ಪನ ವಿಡಿಯೊ ಕರೆ. ಹಿಂದೆ ಬೇಕರಿಯ ಬೋರ್ಡು ಕಾಣುತ್ತಿತ್ತು. "ಏನಮ್ಮ ವಿಜ್ಞಾನಿ, ಮುಗೀತಾ? ನೀರು ಎಷ್ಟು ಸಿಕ್ತು?"

ನಾನು ಬಾಯಿ ತೆರೆಯುವ ಮೊದಲೇ ಅಪ್ಪ ಫೋನು ತೆಗೆದುಕೊಂಡರು. ವಿಡಿಯೊ ಕರೆ ಎಂಬುದನ್ನು ಮರೆತು ಬಲಗಿವಿಗೆ ಒತ್ತಿಕೊಂಡರು. ಚಿಕ್ಕಪ್ಪನಿಗೆ ಇಡೀ ಮಾತುಕತೆಯಲ್ಲಿ ಕಂಡದ್ದು ಅಣ್ಣನ ಕಿವಿ ಮಾತ್ರ.

"ಸಿಗ್ಲಿಲ್ಲ ಕಣೋ. ಇರೋ ಹಂಗೇ ಕಾಣ್ತಿತ್ತು. ಇವ್ಳೇ ಇನ್ನೊಂದ್ಸಲ ನೋಡಿ ಇಲ್ಲ ಅಂದ್ಲು... ಹೂಂ, ಅಷ್ಟು ದೂರ ಹೋಗಿ ಇಲ್ಲ ಅಂತಾನೇ ಹೇಳಿದ್ದು... ಎಲ್ರ ಮುಂದೆ... ಬೇಕರಿಯವ್ರಿಗಾ? ಬೇಕರಿಯವ್ರಿಗೂ ಹೇಳು. ನಾನೇ ತಪ್ಪು ಹೇಳಿದ್ದೆ ಅನ್ನು."

ಫೋನನ್ನು ನನ್ನ ಕೈಗೆ ಕೊಟ್ಟು, "ಅವ್ನು ನಗ್ತಾನೆ ಬಿಡು, ಅವ್ನಿಗೇನು" ಎಂದರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟರು. ದೊಡ್ಡವಳಾದ ಮೇಲೆ ಅವರು ಹಾಗೆ ಮಾಡಿದ್ದು ನನಗೆ ನೆನಪಿಲ್ಲ.

ಸೆಪ್ಟೆಂಬರ್ 13, ಶನಿವಾರ. ಇಳಿಯುವ ರೈಲು

ರೈಲಿನಲ್ಲಿ ಅಪ್ಪ ಕಿಟಕಿಯ ಪಕ್ಕ, ನಾನು ಅವರ ಬಲಕ್ಕೆ. ಸೇಬಿನ ತೋಟಗಳು ಹಿಂದಕ್ಕೆ ಹೋಗುತ್ತಿದ್ದವು. ಸುಮ್ಮನೆ ಕೂರಲಾಗಲಿಲ್ಲ. ನಾನು ಗುರುತು ಮಾಡಿಟ್ಟುಕೊಂಡಿದ್ದ ಕಲ್ಲುರಾಶಿಗಳು ಮಂಗಳನಲ್ಲಿ ಇನ್ನೂ ಕೆಲವಿದ್ದವು. ಈ ಗೆರೆ ಚೆನ್ನಾಗಿ ಕಂಡಿತೆಂದು ಅವನ್ನು ಬಿಟ್ಟಿದ್ದೆ. ಲ್ಯಾಪ್‌ಟಾಪ್ ತೆರೆದು ಅವುಗಳಲ್ಲಿ ಒಂದರ ಎರಡು ಸಲದ ಚಿತ್ರಗಳನ್ನೂ ತೆಗೆದೆ. ಎರಡೂ ರಾತ್ರಿಯವು. ಒಂದರ ಕೆಳಗೊಂದು ಇಟ್ಟೆ.

ಮೊದಲಿನದರಲ್ಲಿ ಗೆರೆ ಮಸುಕಾಗಿತ್ತು. ನನ್ನ ಹಳೆಯ ಗೆರೆಯಷ್ಟು ಚಂದವಿರಲಿಲ್ಲ, ಮಧ್ಯೆ ಮಧ್ಯೆ ಕಡಿದುಹೋಗಿತ್ತು. ಎರಡನೆಯದರಲ್ಲೂ ಇತ್ತು. ಬೆರಳಿಟ್ಟು ಅಳೆದೆ. ಆಮೇಲೆ ಅಳತೆಪಟ್ಟಿಯಲ್ಲಿ ಅಳೆದೆ. ಅದೇ ಆಳ.

ಅಪ್ಪ ಯಾವಾಗ ಈ ಕಡೆ ಬಗ್ಗಿದರೋ ಗೊತ್ತಾಗಲಿಲ್ಲ. "ಮೇಲೆ ಹೋಗಿಲ್ಲ" ಎಂದರು.

"ಇಲ್ಲ."

"ಅಂದ್ರೆ ಇದು ನಮ್ಮ ಕುಕ್ಕರೇನಾ?"

"ಗೊತ್ತಿಲ್ಲ ಅಪ್ಪ. ಎರಡು ಸಲ ಸಾಲಲ್ಲ. ಇನ್ನೊಂದು ಕಡೆಯಿಂದ ಹಾದು ಹೋಗಿದ್ದು ಸಿಗುತ್ತಾ ಹುಡುಕ್ಬೇಕು. ಒಳ್ಳೆ ನಕ್ಷೆ ಬೇಕು. ಆರು ತಿಂಗ್ಳಾದ್ರೂ ಆಗುತ್ತೆ."

"ಆಗ್ಲಿ. ನಿಧಾನಕ್ಕೆ ನೋಡು." ಅವರು ಕಿಟಕಿಯ ಕಡೆ ತಿರುಗಿ ಕೂತರು. "ಈ ಸಲ ನಾನು ಯಾರ್ಗೂ ಹೇಳಲ್ಲ. ಚಿಕ್ಕಪ್ಪಂಗೂ ಇಲ್ಲ, ಬೇಕರಿಯವ್ರಿಗೂ ಇಲ್ಲ."

ರೈಲು ಒಂದು ಸುರಂಗದೊಳಗೆ ಹೋಗಿ ಹೊರಗೆ ಬಂತು. ಅಪ್ಪ ಮತ್ತೆ ನನ್ನ ಕಡೆ ತಿರುಗಿದರು.

"ನಿಮ್ಮಮ್ಮಂಗೆ?"

"ಅಮ್ಮಂಗೆ ಹೇಳಿ."

ಫೋನು ಆಗಲೇ ಅವರ ಕೈಯಲ್ಲಿತ್ತು.